ಎತ್ತಿಕೊಳ್ಳಲು ಹುಡುಗರು ಬೇಡ, ಬಾಗಿಲಿನ ಅಳತೆ ಹೇಳಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆಗೆ ಹೋಗಿಬರಬಹುದಾದ ವಿದೇಶದ ಸರೋವರಗಳ ಬಗ್ಗೆ ನಿಮ್ಮ ಪ್ರವಾಸ ಪುಟದಲ್ಲಿ ಬಂದ ಬರಹ ಓದಿದೆ. ವಿಮಾನದ ದರ, ಯಾವ ತಿಂಗಳಲ್ಲಿ ಹೂ ಅರಳಿರುತ್ತದೆ, ಫೋಟೊಕ್ಕೆ ಯಾವ ದಡ ಚಂದ, ಅನ್ನ ಸಾರು ಸಿಗುವ ಹೋಟೆಲು ಎಲ್ಲಿದೆ, ಎಲ್ಲವೂ ಇತ್ತು. ದಡದಿಂದ ದೋಣಿಗೆ ಎಷ್ಟು ಮೆಟ್ಟಿಲು ಇಳಿಯಬೇಕು, ಹೋಟೆಲಿನ ಬಚ್ಚಲ ಬಾಗಿಲು ಎಷ್ಟು ಅಗಲ ಎಂಬುದು ಮಾತ್ರ ಇರಲಿಲ್ಲ. ನಡೆದಾಡುವವರಿಗೆ ಇವು ಹೊಳೆಯುವ ಪ್ರಶ್ನೆಗಳೇ ಅಲ್ಲ ಬಿಡಿ. ಆದರೆ ನಮ್ಮ ಮನೆಯಲ್ಲಿ ಈಗ ಅಂಥದ್ದೇ ಒಂದು ಪ್ರವಾಸದ ತಯಾರಿ ನಡೆದಿದೆ. ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೇ ಮಿಕ್ಕಿದ್ದೆಲ್ಲ. ಆ ಅನುಭವದ ಮೇಲೆ ನಿಮ್ಮ ಪತ್ರಿಕೆಯಲ್ಲಿ ಒಂದು ಬೇಡಿಕೆ ಇಡಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೆ ಕತ್ತರಿಸಿಕೊಳ್ಳಿ, ಅಳತೆಗಳನ್ನು ಮಾತ್ರ ಕತ್ತರಿಸಬೇಡಿ.

ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಸಣ್ಣ ಅಡಿಕೆ ತೋಟ. ಕೆಲವು ವರ್ಷಗಳ ಹಿಂದೆ ಆಷಾಢದ ಮಳೆ ಒಂದೆರಡು ದಿನ ಹೊಳವಾಗಿತ್ತು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕಿತ್ತು, ಮರ ಹತ್ತುವ ಕೊನೆಗಾರ ಬೇರೆಯವರ ತೋಟದಲ್ಲಿದ್ದ. ಔಷಧಿ ಕಲಸಿಟ್ಟಿದ್ದು ಹಾಳಾಗುತ್ತದೆಂದು ನಮ್ಮ ಯಜಮಾನರು ತಾವೇ ಮರ ಹತ್ತಿದರು. ಪಾಚಿ ಹಿಡಿದ ಮರ, ಜಾರಿತು. ಬೆನ್ನುಹುರಿಗೆ ಏಟು ಬಿದ್ದು ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಇಂಥ ಮನೆಗಳು ಮಲೆನಾಡಿನಲ್ಲಿ ನಮ್ಮದೊಂದೇ ಅಲ್ಲ, ಅಡಿಕೆ ಸೀಮೆಯ ಯಾವ ಊರಿನಲ್ಲಿ ವಿಚಾರಿಸಿದರೂ ಒಬ್ಬರ ಹೆಸರು ಹೇಳುತ್ತಾರೆ. ವೀಲ್‌ಚೇರಿನಲ್ಲಿ ಕೂತೇ ಇವರು ಈಗ ತೋಟದ ಲೆಕ್ಕ, ಮಂಡಿ ವ್ಯವಹಾರ, ಸೊಸೈಟಿ ಮೀಟಿಂಗು ಎಲ್ಲ ನೋಡಿಕೊಳ್ಳುತ್ತಾರೆ. ಮನೆಯ ಹೊಸ್ತಿಲುಗಳನ್ನು ತೆಗೆಸಿದ್ದೇವೆ. ಬಚ್ಚಲಿನ ಹೊಸ್ತಿಲು ತೆಗೆಯುವಾಗ ಅತ್ತೆಯವರು ಎರಡು ದಿನ ಮಾತು ಬಿಟ್ಟಿದ್ದರು, ಅದು ಬೇರೆ ಕಥೆ.

ಮಗಳು ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್‌ನಲ್ಲಿದ್ದಾಳೆ. ಬರುವ ಬೇಸಿಗೆಗೆ ಅಪ್ಪಯ್ಯನನ್ನು ಕರೆಸಿಕೊಳ್ಳಬೇಕೆಂದು ಅವಳ ಹಟ. ನಾವಿಬ್ಬರು, ಇವರ ಅಕ್ಕ, ಮಗಳು, ಅಳಿಯ, ನಾಲ್ಕು ವರ್ಷದ ಮೊಮ್ಮಗ ಎಲ್ಲರೂ ಒಂದು ವಾರ ಯಾವುದಾದರೂ ಕೆರೆಯ ದಡದಲ್ಲಿ ಒಟ್ಟಿಗೆ ಇರುವುದು ಎಂದು ಮಾತಾಯಿತು. ಕೆರೆಯೇ ಯಾಕೆಂದರೆ ಇವರು ತುಂಗೆಯಲ್ಲಿ ಈಜಿ ಬೆಳೆದವರು. ಬಿದ್ದ ಮೇಲೆ ಹೊಳೆಗೆ ಇಳಿದದ್ದಿಲ್ಲ. ನೀರಿನ ಹತ್ತಿರ ಕೂರಬೇಕು ಅಂತ ಅವರಾಗಿ ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಜೊತೆಗೆ ಒಂದು ಷರತ್ತು ಹಾಕಿದರು: "ಎಲ್ಲಿಗಾದರೂ ಬರ್ತೀನಿ, ಯಾರೂ ನನ್ನನ್ನು ಎತ್ತಬಾರದು."

ಈ ಒಂದು ಷರತ್ತು ಇಟ್ಟುಕೊಂಡು ಹುಡುಕಲು ಕೂತರೆ ಜಗತ್ತಿನ ಮುಕ್ಕಾಲು ಸರೋವರಗಳು ಪಟ್ಟಿಯಿಂದ ಬಿದ್ದುಹೋಗುತ್ತವೆ. ಖರ್ಚು ಕಡಿಮೆ, ಹತ್ತಿರ ಎಂದು ನೇಪಾಳದ ಪೋಖರಾ ನೋಡಿದೆವು. ಫೇವಾ ಕೆರೆಯಲ್ಲಿ ಬಣ್ಣಬಣ್ಣದ ಮರದ ದೋಣಿಗಳು, ಅಂಚು ದಾಟಿ ಕಾಲಿಟ್ಟು ಇಳಿಯಬೇಕಾದಂಥವು. ಶ್ರೀಲಂಕಾದ ನುವರ ಎಲಿಯದ ಗ್ರೆಗರಿ ಕೆರೆಯ ಫೋಟೊ ನೋಡಿ ಆಸೆಯಾಯಿತು, ಊಟಿಯ ಹಾಗೇ ತಂಪು ಊರು. ಆದರೆ ಅಲ್ಲಿ ನಾವು ಬರೆದ ಕಡೆಗಳಿಂದ ಬಾಗಿಲಿನ ಅಳತೆ ಬರಲಿಲ್ಲ, ರೂಮಿನ ಫೋಟೊಗಳು ಬಂದವು, ಎಲ್ಲ ಫೋಟೊದಲ್ಲೂ ಮಂಚದ ಮೇಲೆ ಟವೆಲ್ಲಿನಲ್ಲಿ ಮಾಡಿದ ಹಂಸ.

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಬಗ್ಗೆ ಓದಿದಾಗ ನಾನು ಮೊದಲ ಸಲ ಕುರ್ಚಿಯಲ್ಲಿ ನೆಟ್ಟಗೆ ಕೂತೆ. ವಿಂಡರ್‌ಮಿಯರ್ ಸರೋವರ ಇರುವ ಆ ರಾಷ್ಟ್ರೀಯ ಉದ್ಯಾನದವರು 'ಮೈಲ್ಸ್ ವಿದೌಟ್ ಸ್ಟೈಲ್ಸ್' ಎಂಬ ಹೆಸರಿನಲ್ಲಿ ಕಾಲುದಾರಿಗಳನ್ನು ಗುರುತಿಸಿಟ್ಟಿದ್ದಾರೆ. ಬೇಲಿ ದಾಟಲು ಅಲ್ಲಿ ಮೆಟ್ಟಿಲಿನಂಥದ್ದು ಇರುತ್ತದಲ್ಲ, ನಮ್ಮ ಕಡೆಯ ತಡಮೆಯ ಹಾಗೆ, ಅದು ಇಲ್ಲದ ದಾರಿಗಳು. ಅವುಗಳಲ್ಲಿ ಮೂರು ತರಗತಿ: ಎಲ್ಲರಿಗೂ, ಹಲವರಿಗೆ, ಕೆಲವರಿಗೆ. 'ಎಲ್ಲರಿಗೂ' ಎಂದು ಬರೆದ ದಾರಿಯಲ್ಲಿ ಏರು 10ಕ್ಕೆ 1ಕ್ಕಿಂತ ಕಡಿದಾಗಿರುವಂತಿಲ್ಲ, ನೆಲ ಡಾಂಬರು ಅಥವಾ ಚೆನ್ನಾಗಿ ಅದುಮಿದ ಸಣ್ಣ ಜಲ್ಲಿಯದಾಗಿರಬೇಕು. ಬೆಟ್ಟವನ್ನು ಯಾರೂ ಸಮ ಮಾಡಿಲ್ಲ. ಯಾವ ದಾರಿ ಹೇಗಿದೆ ಎಂದು ಅಳೆದು ಬರೆದಿಟ್ಟಿದ್ದಾರೆ ಅಷ್ಟೆ. ಹೋಗುವುದೋ ಬಿಡುವುದೋ ಕುರ್ಚಿಯಲ್ಲಿ ಕೂತವರು ಮನೆಯಲ್ಲೇ ನಿರ್ಧರಿಸಬಹುದು. ಬ್ರಿಟನ್ನಿಗೆ ಬೇರೆ ವೀಸಾ, ಮಗಳ ಮನೆಯಿಂದ ಮತ್ತೊಂದು ವಿಮಾನ, ಹಾಗಾಗಿ ಅದನ್ನು ಬಿಟ್ಟೆವು. ಬಿಡುವಾಗ ಬೇಜಾರಾಯಿತು.

ಕೊನೆಗೆ ನಿಂತದ್ದು ಸ್ವಿಟ್ಜರ್‌ಲ್ಯಾಂಡಿನ ಸೆಂಪಾಖ್ ಸರೋವರ. ಲೂಸರ್ನ್ ಊರಿನಿಂದ ಲೋಕಲ್ ರೈಲಿನಲ್ಲಿ ಸುಮಾರು 20 ನಿಮಿಷ. ನಿಮ್ಮ ಬರಹದಲ್ಲಿ ಇದರ ಹೆಸರು ಇರಲಿಲ್ಲ, ಇರುವಷ್ಟು ದೊಡ್ಡದೂ ಅಲ್ಲ. ಇದರ ದಡದ ನೊಟ್‌ವಿಲ್ ಎಂಬ ಊರಿನಲ್ಲಿ ಬೆನ್ನುಹುರಿಗೆ ಪೆಟ್ಟಾದವರಿಗೆಂದೇ ಕಟ್ಟಿದ ದೊಡ್ಡ ಆಸ್ಪತ್ರೆ, ಸ್ವಿಸ್ ಪ್ಯಾರಾಪ್ಲೆಜಿಕ್ ಸೆಂಟರ್ ಇದೆ. ಗೀಡೊ ತ್ಸೆಖ್ ಎಂಬ ವೈದ್ಯರು 1975ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿ, 1990ರಲ್ಲಿ ಅಲ್ಲಿ ಆಸ್ಪತ್ರೆ ಶುರುಮಾಡಿದರು. ವೀಲ್‌ಚೇರ್ ಓಟದ ಸ್ಪರ್ಧೆಗಳು ನಡೆಯುವ ಟ್ರ್ಯಾಕ್ ಕೂಡ ಅಲ್ಲೇ ಇದೆ. ಚಿಕಿತ್ಸೆಗೆ ನಾವು ಹೋಗುತ್ತಿಲ್ಲ. ನನ್ನ ಲೆಕ್ಕಾಚಾರ ಸರಳ: ಅಂಥ ಆಸ್ಪತ್ರೆ ಇರುವ ಊರಿನಲ್ಲಿ ಅಂಗಡಿ, ಹೋಟೆಲು, ಕೆರೆ ದಂಡೆಯ ದಾರಿ ಕಟ್ಟುವವರಿಗೆ ವೀಲ್‌ಚೇರ್ ಹೊಸದಾಗಿರುವುದಿಲ್ಲ. ಬಸ್‌ಸ್ಟಾಪಿನಲ್ಲಿ ಇವರನ್ನು ನೋಡಿ ಯಾರೂ ಲೊಚಗುಟ್ಟುವುದಿಲ್ಲ. ಇದನ್ನು ಇವರಿಗೆ ಹೇಳಿದಾಗ ಇವರು ಕೇಳಿದ್ದು, "ಅಲ್ಲಿ ಮೀನು ಹಿಡೀಲಿಕ್ಕೆ ಬಿಡ್ತಾರಾ?" ಮಗಳು ವಿಚಾರಿಸುತ್ತಿದ್ದಾಳೆ, ಪರವಾನಗಿ ಬೇಕಂತೆ.

ಆ ಕೆರೆಯ ಆಸುಪಾಸಿನ ಒಂದು ವಸತಿಗೃಹಕ್ಕೆ ಮಗಳ ಕೈಯಲ್ಲಿ ಮೇಲ್ ಬರೆಸಿದೆ. ಬರೆಯುವ ಮೊದಲು ಇಂಚು ಟೇಪು ಹಿಡಿದು ಕುರ್ಚಿ ಅಳೆದೆ. ಚಕ್ರದ ಹಿಡಿಯಿಂದ ಹಿಡಿಗೆ 62 ಸೆಂಟಿಮೀಟರ್. ದಿಂಬು ಹಾಕಿದ ಮೇಲೆ ಕೂರುವ ಎತ್ತರ 52. ಇವರು ಕುರ್ಚಿಯಿಂದ ಮಂಚಕ್ಕೆ ದಾಟುವುದು ಒಂದು ಹಲಗೆಯ ಮೇಲೆ, ನಮ್ಮೂರ ಆಚಾರರು ಹಲಸಿನ ಮರದಲ್ಲಿ ಮಾಡಿಕೊಟ್ಟದ್ದು, ಎರಡೂ ತುದಿ ತೆಳ್ಳಗೆ ಇಳಿಸಿ ಗಾಜಿನಂತೆ ಉಜ್ಜಿದ್ದು. ಒಂದು ತುದಿ ತೊಡೆಯ ಕೆಳಗೆ, ಇನ್ನೊಂದು ತುದಿ ಹಾಸಿಗೆಯ ಮೇಲೆ, ಮುಷ್ಟಿ ಊರಿ ಸ್ವಲ್ಪ ಸ್ವಲ್ಪವಾಗಿ ಜರುಗುತ್ತಾರೆ. ಮಂಚ ಕುರ್ಚಿಗಿಂತ ನಾಲ್ಕು ಬೆರಳು ಎತ್ತರವಾದರೂ ಹಲಗೆ ಏರಾಗುತ್ತದೆ, ಭುಜಕ್ಕೆ ಬೀಳುತ್ತದೆ. ಬಲಭುಜ ಆಗಲೇ ಸವೆದಿದೆ, ಹಾಗಾಗಿ ಎಡಗಡೆಗೇ ದಾಟುವುದು. ಅಂದರೆ ಕಮೋಡಿನ ಪಕ್ಕ ಕುರ್ಚಿ ನಿಲ್ಲುವ ಜಾಗ ಯಾವ ಕಡೆ ಇದೆ ಎಂಬುದರ ಮೇಲೆ ಇಡೀ ಪ್ರವಾಸ ನಿಂತಿದೆ. ಬಚ್ಚಲಿನಲ್ಲಿ ಕಂಬಿ ಇದೆಯೇ ಎಂದು ಕೇಳಿದರೆ ಸಾಲದು, ಯಾವ ಗೋಡೆಗೆ ಎಂದು ಕೇಳಬೇಕು.

ಮಾರನೆಯ ದಿನವೇ ಉತ್ತರ ಬಂತು. ಬಾಗಿಲು ತೆರೆದಾಗ ಸಿಗುವ ಅಗಲ 90. ಮಂಚದ ಎತ್ತರ ಬದಲಿಸಬಹುದು. ಸ್ನಾನದ ಜಾಗಕ್ಕೆ ಕಟ್ಟೆ ಇಲ್ಲ, ಗೋಡೆಗೆ ಮಡಚುವ ಆಸನ ಇದೆ, ಅದರ ಎತ್ತರ 46. ಕಮೋಡಿನ ಖಾಲಿ ಜಾಗ ಒಂದು ರೂಮಿನಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ, ನಿಮಗೆ ಯಾವುದು ಬೇಕು? ಕೆಳಗೆ, ಕೆರೆ ದಂಡೆಯವರೆಗೆ ದಾರಿ ಡಾಂಬರಿನದು, ಕೊನೆಯ ಸ್ವಲ್ಪ ದೂರ ಹುಲ್ಲು, ಮಳೆ ಬಂದರೆ ಚಕ್ರ ಹೂಳಬಹುದು ಎಂದು. 'ನಿಮ್ಮ ಪರಿಸ್ಥಿತಿ ಕೇಳಿ ಬೇಸರವಾಯಿತು' ಎಂಬ ಸಾಲು ಇಡೀ ಪತ್ರದಲ್ಲಿ ಇರಲಿಲ್ಲ. ಇವರು ಅದನ್ನು ಎರಡು ಸಲ ಓದಿಸಿ ಕೇಳಿ, "ಬುಕ್ ಮಾಡು" ಅಂದರು.

ಅಲ್ಲೂ ಎಲ್ಲ ಬೆಣ್ಣೆಯಷ್ಟು ನುಣುಪಾಗಿಲ್ಲ, ಅದನ್ನೂ ಹೇಳಬೇಕು. ಅಂಗವಿಕಲರ ಸಮಾನತೆಯ ಕಾಯ್ದೆ ಆ ದೇಶದಲ್ಲಿ ಜಾರಿಗೆ ಬಂದದ್ದು 2004ರಲ್ಲಿ. ರೈಲು, ಬಸ್ಸು, ನಿಲ್ದಾಣಗಳನ್ನು ಸರಿಪಡಿಸಲು 20 ವರ್ಷದ ಗಡುವು ಕೊಟ್ಟರು. 2023ರ ಡಿಸೆಂಬರ್‌ಗೆ ಗಡುವು ಮುಗಿದಾಗ ಎಷ್ಟೋ ನಿಲ್ದಾಣಗಳ ಕೆಲಸ ಬಾಕಿ ಇತ್ತು, ಅಲ್ಲಿನ ಅಂಗವಿಕಲರ ಸಂಘಗಳು ಸರಿಯಾಗೇ ಜಾಡಿಸಿದವು. ಆದರೆ ರೈಲ್ವೆ ವೇಳಾಪಟ್ಟಿ ತೆರೆದರೆ ಪ್ರತಿ ಗಾಡಿಗೂ ವೀಲ್‌ಚೇರಿನ ಗುರುತು ಇರುತ್ತದೆ: ಈ ನಿಲ್ದಾಣದಲ್ಲಿ ನೀವೇ ಹತ್ತಬಹುದು, ಇಲ್ಲಿ ಸಿಬ್ಬಂದಿಯ ನೆರವು ಬೇಕು, ಮೊದಲೇ ತಿಳಿಸಿ, ಹೀಗೆ. ಆಗದ್ದನ್ನು ಆಗದು ಎಂದೇ ಬರೆಯುತ್ತಾರೆ. ಲೂಸರ್ನ್ ಸರೋವರದಲ್ಲಿ ಹಳೆಯ ಐದು ಹಬೆ ಹಡಗುಗಳು ಈಗಲೂ ಓಡುತ್ತವೆ, ಎಲ್ಲಕ್ಕಿಂತ ಹಳೆಯದು 1901ರ 'ಊರಿ'. ನೀರನ್ನು ಹಿಂದಕ್ಕೆ ತಳ್ಳುವ ಅದರ ಚಕ್ರವನ್ನು ಮೊಮ್ಮಗನಿಗೆ ನೋಡಲೇಬೇಕು. ನೂರು ವರ್ಷದ ಹಿಂದಿನ ಹಡಗಿನ ಒಳಗಿನ ಏಣಿಮೆಟ್ಟಿಲು ಯಾರಿಗಾಗಿಯೂ ಬದಲಾಗುವುದಿಲ್ಲ, ಹಾಗಾಗಿ ಯಾವ ದಿನ ಯಾವ ಹಡಗು ಎಂದು ಮೊದಲೇ ಕೇಳಿ ಹತ್ತುವುದೆಂದು ತೀರ್ಮಾನ. ಇನ್ನೊಂದು ಉಪಕಾರದ ವಸ್ತು ಯೂರೋಕೀ. ಸ್ವಿಟ್ಜರ್‌ಲ್ಯಾಂಡ್, ಜರ್ಮನಿ, ಆಸ್ಟ್ರಿಯಾಗಳಲ್ಲಿ ಅಂಗವಿಕಲರ ಶೌಚಾಲಯಗಳಿಗೆ ಬೀಗ ಹಾಕಿರುತ್ತಾರೆ, ಸಾವಿರಾರು ಬೀಗಕ್ಕೆ ಒಂದೇ ಕೀಲಿ. ಅಗತ್ಯ ಇರುವವರು ದುಡ್ಡು ಕೊಟ್ಟು ಕೊಳ್ಳಬಹುದು. ಬೀಗ ಹಾಕಿರುವುದರಿಂದ ಅವು ಸ್ವಚ್ಛವಾಗಿರುತ್ತವೆ. ನಮ್ಮಲ್ಲೂ ಬೀಗ ಹಾಕಿರುತ್ತಾರೆ, ಕೀಲಿ ಯಾರ ಹತ್ತಿರ ಇದೆ ಎಂದು ಯಾರಿಗೂ ಗೊತ್ತಿರುವುದಿಲ್ಲ.

ಈಗ ವಿಮಾನದ ಮಾತು. ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಟಿಕೆಟ್ ಮಾಡುವಾಗ 'ವೀಲ್‌ಚೇರ್ ಬೇಕು' ಎಂದರೆ ಮುಗಿಯಲಿಲ್ಲ. ಅದರಲ್ಲಿ ಮೂರು ಬಗೆ, ಒಂದೊಂದಕ್ಕೆ ಟಿಕೆಟಿನಲ್ಲಿ ಒಂದೊಂದು ಸಂಕೇತ. ಡಬ್ಲ್ಯುಸಿಎಚ್‌ಆರ್ ಅಂದರೆ ದೂರ ನಡೆಯಲಾಗದು, ಆದರೆ ಮೆಟ್ಟಿಲು ಹತ್ತಬಲ್ಲರು. ಡಬ್ಲ್ಯುಸಿಎಚ್‌ಎಸ್ ಅಂದರೆ ಮೆಟ್ಟಿಲು ಆಗದು, ವಿಮಾನದೊಳಗೆ ಸೀಟಿನವರೆಗೆ ನಡೆಯಬಲ್ಲರು. ಡಬ್ಲ್ಯುಸಿಎಚ್‌ಸಿ ಅಂದರೆ ಸೀಟಿನವರೆಗೂ ಕುರ್ಚಿಯಲ್ಲೇ ಒಯ್ಯಬೇಕು. ಶಿವಮೊಗ್ಗದ ಏಜೆಂಟರೊಬ್ಬರು ನಾವು ಎಲ್ಲ ವಿವರಿಸಿ ಹೇಳಿದ ಮೇಲೂ ಮೊದಲನೆಯದನ್ನೇ ಒತ್ತಿದ್ದರು. "ಎಲ್ಲಾ ಒಂದೇ ಮೇಡಂ, ಅಲ್ಲಿ ಹೋದ ಮೇಲೆ ಕರ್ಕೊಂಡ್ ಹೋಗ್ತಾರೆ." ಒಂದೇ ಅಲ್ಲ. ಮೊದಲನೆಯದಕ್ಕೆ ಬರುವ ಹುಡುಗ ವಿಮಾನದ ಬಾಗಿಲಲ್ಲಿ ಕುರ್ಚಿ ನಿಲ್ಲಿಸಿ ಹೊರಟುಹೋಗುತ್ತಾನೆ. ಸೀಟುಗಳ ನಡುವೆ ಹೋಗುವ ಸಪೂರ ಕುರ್ಚಿ ಬರುವುದು ಮೂರನೆಯದಕ್ಕೆ ಮಾತ್ರ. ಟಿಕೆಟಿನಲ್ಲಿ ಅದನ್ನು ತಿದ್ದಿಸಿ, ವಿಮಾನ ಸಂಸ್ಥೆಗೆ ನಾವೇ ಫೋನ್ ಮಾಡಿ ಖಚಿತ ಮಾಡಿಕೊಂಡೆವು. ಪ್ರಯಾಣಕ್ಕೆ 48 ಗಂಟೆ ಮೊದಲು ತಿಳಿಸಬೇಕೆಂದು ನಮ್ಮ ದೇಶದ ವಿಮಾನಯಾನ ನಿಯಂತ್ರಿಸುವ ಡಿಜಿಸಿಎ ನಿಯಮವೂ ಹೇಳುತ್ತದೆ, ಯುರೋಪಿನದ್ದೂ ಹೇಳುತ್ತದೆ. ಸ್ವಂತ ವೀಲ್‌ಚೇರ್ ಒಯ್ಯಲು ದುಡ್ಡು ಕೇಳುವಂತಿಲ್ಲ. ಬ್ಯಾಟರಿ ಕುರ್ಚಿ ಇರುವವರು ಬ್ಯಾಟರಿಯ ಮೇಲೆ ಬರೆದ ವ್ಯಾಟ್-ಅವರ್ ಸಂಖ್ಯೆಯ ಫೋಟೊ ಇಟ್ಟುಕೊಳ್ಳಿ. ಮಡಚುವ ಕುರ್ಚಿಯಿಂದ ಕಳಚುವ ಲಿಥಿಯಂ ಬ್ಯಾಟರಿಗೆ ಮಿತಿ 300, ಅದು ಕೈಚೀಲದಲ್ಲೇ ಬರಬೇಕು.

ಬೆಂಗಳೂರಿನಿಂದ ಜ್ಯೂರಿಕ್‌ಗೆ ನಮಗೆ ಸಿಕ್ಕಿದ್ದು ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಹತ್ತುವ ದಾರಿ. ಮೊದಲ ಹಾರಾಟವೇ ಹತ್ತಿರ ಹತ್ತು ಗಂಟೆ. ಬೆನ್ನುಹುರಿ ಪೆಟ್ಟಾದವರಿಗೆ ಅಷ್ಟು ಹೊತ್ತು ಒಂದೇ ಕಡೆ ಕೂತರೆ ಒತ್ತುಹುಣ್ಣಿನ ಭಯ. ನೋವು ಗೊತ್ತಾಗುವುದಿಲ್ಲವಲ್ಲ, ಚರ್ಮ ಕೆಂಪಾದದ್ದು ನಾವು ನೋಡಿದರೇ ಗೊತ್ತು. ಹಾಗಾಗಿ ಕುರ್ಚಿಯ ಗಾಳಿದಿಂಬನ್ನು ಲಗೇಜಿಗೆ ಹಾಕದೆ ವಿಮಾನದ ಸೀಟಿಗೇ ಹಾಕಿಕೊಳ್ಳುವುದು, ಅರ್ಧ ಗಂಟೆಗೊಮ್ಮೆ ಕೈಯೂರಿ ಮೈ ಎತ್ತುವುದು. ಮೇಲೆ ಹೋದಾಗ ಒತ್ತಡ ಇಳಿದು ದಿಂಬು ಉಬ್ಬುತ್ತದೆ, ಸ್ವಲ್ಪ ಗಾಳಿ ಬಿಡಬೇಕು. ಮೂತ್ರ ತೆಗೆಯುವ ಕೊಳವೆಗಳನ್ನು, ಅಂದರೆ ಕ್ಯಾತಿಟರುಗಳನ್ನು, ಅರ್ಧ ಕೈಚೀಲಕ್ಕೆ, ಅರ್ಧ ಪೆಟ್ಟಿಗೆಗೆ ಹಂಚಿದ್ದೇವೆ, ಜೊತೆಗೆ ಡಾಕ್ಟರ ಚೀಟಿ. ಮೂತ್ರದ ತಾಪತ್ರಯ ಬೇಡವೆಂದು ಹಿಂದಿನ ದಿನದಿಂದ ನೀರು ಬಿಡುವವರಿದ್ದಾರೆ, ನಮ್ಮ ಡಾಕ್ಟರು ಅದಕ್ಕೆ ಗದರಿದರು. ವಿಮಾನದೊಳಗೆ ಶೌಚಾಲಯದವರೆಗೆ ಒಯ್ಯುವ ಕುರ್ಚಿ ಇದೆಯೇ ಎಂದು ಸಂಸ್ಥೆಯನ್ನು ಮೊದಲೇ ಕೇಳಿ ಮೇಲ್‌ನಲ್ಲಿ ಉತ್ತರ ಪಡೆಯಬೇಕು. ಸ್ವಂತ ಕುರ್ಚಿಯನ್ನು ಲಗೇಜಿನ ಬೆಲ್ಟಿನಲ್ಲಿ ಅಲ್ಲ, ವಿಮಾನದ ಬಾಗಿಲಿಗೇ ವಾಪಸು ತಂದುಕೊಡಿ ಎಂದು ಚೀಟಿ ಕಟ್ಟಿಸಬೇಕು, ಕೊಡುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಬೇಕು.

ಸೋಗಾನೆಯ ನಮ್ಮ ಕುವೆಂಪು ವಿಮಾನ ನಿಲ್ದಾಣ 2023ರಲ್ಲಿ ಶುರುವಾದಾಗ ನಾವೂ ಕುಣಿದವರೇ. ಆದರೂ ಈ ಸಲ ಬೆಂಗಳೂರಿಗೆ ಕಾರಿನಲ್ಲೇ ಹೋಗುತ್ತೇವೆ. ಪ್ರತಿ ವಿಮಾನ ಬದಲಾವಣೆ ಎಂದರೆ ಸಪೂರ ಕುರ್ಚಿಗೆ ಒಮ್ಮೆ, ಅಲ್ಲಿಂದ ಸೀಟಿಗೆ ಒಮ್ಮೆ, ಮತ್ತೆ ಅಷ್ಟೇ ವಾಪಸು. ಭುಜಕ್ಕೂ ಒಂದು ಲೆಕ್ಕ ಇದೆ.

ಈ ನಿಯಮಗಳೆಲ್ಲ ತಾವಾಗಿ ಬಂದದ್ದಲ್ಲ ಎಂಬುದು ನೆನಪಿರಲಿ. 2012ರಲ್ಲಿ ಸೆರೆಬ್ರಲ್ ಪಾಲ್ಸಿ ಇದ್ದ ಜೀಜಾ ಘೋಷ್ ಅವರನ್ನು ಕೋಲ್ಕತ್ತಾದಲ್ಲಿ ಹತ್ತಿದ ವಿಮಾನದಿಂದ ಇಳಿಸಿದರು. ಅವರು ಸುಪ್ರೀಂ ಕೋರ್ಟಿಗೆ ಹೋದರು. 2016ರ ಮೇ ತಿಂಗಳಲ್ಲಿ ಕೋರ್ಟು ಅವರಿಗೆ 10 ಲಕ್ಷ ಪರಿಹಾರ ಕೊಡಿಸಿತು.

ವೀಸಾದ್ದು ಹೆಚ್ಚು ಹೇಳುವುದಿಲ್ಲ, ಏಜೆಂಟರು ಹೇಳುತ್ತಾರೆ. ಶುಲ್ಕ 90 ಯೂರೊ, ಬೆರಳಚ್ಚಿಗೆ ಖುದ್ದು ಬೆಂಗಳೂರಿಗೆ ಹೋಗಬೇಕು, ಕನಿಷ್ಠ 30,000 ಯೂರೊ ವಿಮೆ ಬೇಕು. ವಿಮೆಯಲ್ಲಿ ಮೊದಲೇ ಇರುವ ತೊಂದರೆಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಸಣ್ಣ ಅಕ್ಷರ ಓದಿಕೊಳ್ಳಿ. ಇವರ ಅಕ್ಕ ಹೊರಗೆ ಉಣ್ಣುವವರಲ್ಲ, ಹಾಗಾಗಿ ಅಡುಗೆಮನೆ ಇರುವ ಮನೆಯನ್ನೇ ಕೇಳಿದ್ದು. ಹಾಲಿನ ಪದಾರ್ಥಗಳನ್ನು ಹೊರದೇಶದಿಂದ ತರುವಂತಿಲ್ಲ, ಹಾಗಾಗಿ ಮನೆಯ ತುಪ್ಪ ಬರುವುದಿಲ್ಲ ಎಂದಾಗ ಅವರು ಹೋಗುವುದೇ ಬೇಡ ಎಂದು ಕೂತಿದ್ದರು. ಅಪ್ಪೆಮಿಡಿ ಉಪ್ಪಿನಕಾಯಿಗೆ ಅಡ್ಡಿಯಿಲ್ಲ ಎಂದ ಮೇಲೆ ಒಪ್ಪಿದರು.

ಇಷ್ಟೆಲ್ಲ ಬರೆದದ್ದು ಊರ ವಿಷಯಕ್ಕೆ ಬರಲಿಕ್ಕೆ. ಅಷ್ಟು ದೂರ ಹೋಗುವ ಮುನ್ನ ಒಂದೆರಡು ರಾತ್ರಿ ಮನೆಯಿಂದ ಹೊರಗೆ ಇದ್ದು ನೋಡೋಣ, ಯಾವ ಸಾಮಾನು ಬೇಕಾಗುತ್ತದೆ ಗೊತ್ತಾಗುತ್ತದೆ ಎಂದು ನಮ್ಮ ಜಿಲ್ಲೆಯಲ್ಲೇ ಹಿನ್ನೀರಿನ ದಂಡೆಯ ವಸತಿಗಳಿಗೆ ಫೋನ್ ಮಾಡಿದೆ. ನೀರಿಗೇನು ನಮ್ಮಲ್ಲಿ ಬರವೇ? ಶರಾವತಿಯದ್ದಿದೆ, ಭದ್ರೆಯದ್ದಿದೆ, ವಾರಾಹಿಯದ್ದಿದೆ, ಗಾಜನೂರಿನಲ್ಲಿ ತುಂಗೆಯದ್ದಿದೆ. ಎಲ್ಲೆಡೆ ಒಂದೇ ಪ್ರಶ್ನೆ ಕೇಳಿದೆ: ಬಚ್ಚಲ ಬಾಗಿಲು ಎಷ್ಟು ಅಗಲ? ಎಲ್ಲೆಡೆ ಒಂದೇ ಉತ್ತರ: "ಅದೆಲ್ಲ ಏನೂ ತೊಂದ್ರೆ ಇಲ್ಲ ಮೇಡಂ, ನೀವು ಬನ್ನಿ, ನಮ್ ಹುಡುಗ್ರು ಎತ್ಕೊಂಡೇ ಹೋಗ್ತಾರೆ." ಒಬ್ಬರು ಮಾತ್ರ, "ಒಂದ್ನಿಮಿಷ ಇರಿ" ಎಂದು ಹೋಗಿ ಬಂದು, "ಎರಡು ಗೇಣು, ಮೇಲೆ ನಾಲ್ಕು ಬೆರಳು" ಎಂದರು. ಅವರ ಮೇಲೆ ಗೌರವ ಬಂತು. ಆದರೆ ಕುರ್ಚಿ ಹಿಡಿಯುವುದಿಲ್ಲ.

'ತೊಂದ್ರೆ ಇಲ್ಲ' ಎಂದವರ ಕಡೆಯ ಒಂದು ವಸತಿಗೆ ಹೋದೆವು. ಹೆಸರು ಬೇಡ, ಅವರೊಬ್ಬರನ್ನೇ ಆಡಿ ಪ್ರಯೋಜನವಿಲ್ಲ. ಕಾರು ನಿಲ್ಲುವ ಜಾಗದಿಂದ ಕಾಟೇಜಿಗೆ ಜಂಬಿಟ್ಟಿಗೆ ಕಲ್ಲಿನ ಮೆಟ್ಟಿಲು, ಒಂದೊಂದು ಒಂದೊಂದು ಎತ್ತರ. ನಾಲ್ಕು ಹುಡುಗರು ಓಡಿ ಬಂದರು. ಒಳ್ಳೆಯ ಮಕ್ಕಳು, ಬೂಟು ಬಿಚ್ಚಿ, ಬಹಳ ಜೋಪಾನವಾಗಿ ಹಿಡಿದರು. ಎಲ್ಲಿ ಹಿಡಿಯಬೇಕೆಂದು ಯಾರೂ ಕಲಿಸಿರಲಿಲ್ಲ, ಒಬ್ಬ ಚಕ್ರವನ್ನೇ ಹಿಡಿದ, ಚಕ್ರ ತಿರುಗಿತು. ಇವರು ಕುರ್ಚಿಯ ಕೈ ಬಿಗಿಹಿಡಿದು ಕಣ್ಣುಮುಚ್ಚಿಕೊಂಡಿದ್ದರು. ಮೇಲೆ ಜಗಲಿಯಲ್ಲಿ ಟೀ ಕುಡಿಯುತ್ತಿದ್ದವರೆಲ್ಲ ಎದ್ದು ನಿಂತು ನೋಡಿದರು, ಒಬ್ಬರು ವಿಡಿಯೊ ಮಾಡಿದರು. ರೂಮಿನಿಂದ ಹಿನ್ನೀರು ಕಾಣುತ್ತಿತ್ತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ದಡ ಒಡೆದ ಕೆಸರಾಗಿ ಬಹಳ ದೂರ ಇಳಿಜಾರಿತ್ತು. ಬಚ್ಚಲಿಗೆ ಕುರ್ಚಿ ಹೋಗಲಿಲ್ಲ. ಅಡುಗೆಯವರು ಅಕ್ಕಿರೊಟ್ಟಿ ಚೆನ್ನಾಗಿ ಮಾಡಿದ್ದರು. ರಾತ್ರಿ ಇವರು, "ಮೂಟೆ ಎತ್ತಿದ ಹಾಗೆ ಎತ್ತಿದರು, ಬೆಳಿಗ್ಗೆ ಹಾಗೇ ಇಳಿಸ್ತಾರೆ, ಮಧ್ಯೆ ಇಲ್ಲೇ ಬಿದ್ದಿರಬೇಕು" ಅಂದರು. ಮಾರನೆಯ ದಿನ ತಿಂಡಿ ತಿಂದು ವಾಪಸು ಬಂದೆವು. ಮಾಲೀಕರು ಒಂದು ದಿನದ ಬಾಡಿಗೆ ಬಿಟ್ಟರು. ದುಡ್ಡು ಬೇಡ ಅಂತಲ್ಲ, ಫೋನಿನಲ್ಲೇ 'ನಮ್ಮಲ್ಲಿ ಮೆಟ್ಟಿಲಿದೆ' ಅಂದಿದ್ದರೆ ಪೆಟ್ರೋಲೂ ಉಳಿಯುತ್ತಿತ್ತು.

ಹುಡುಗರು ಎತ್ತುವುದನ್ನು ಉಪಚಾರ ಎಂದುಕೊಂಡಿದ್ದೇವೆ. ಎತ್ತಿಸಿಕೊಳ್ಳುವವರಿಗೆ ಪ್ರತಿ ಸಲ ಜೀವ ಕೈಯಲ್ಲಿ. ಬಿದ್ದರೆ ಮುರಿಯುವ ಮೂಳೆಗೆ ನೋವಿನ ಸುಳಿವೂ ಸಿಗುವುದಿಲ್ಲ. ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಹೋಗಬೇಕಾದರೆ ಆ ಹುಡುಗರನ್ನು ಎಬ್ಬಿಸಬೇಕೇ?

ಒಂದು ತಮಾಷೆ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಇವರು ಯಾರ ಕೈಯನ್ನೂ ಹಿಡಿಯದೆ ನೀರಿನ ಮೇಲೆ ಹೋದ ಒಂದೇ ವಾಹನ ಸಿಗಂದೂರಿನ ಲಾಂಚು. ಬಸ್ಸು, ಜೀಪು ಹತ್ತಲೆಂದು ಅಂಬಾರಗೋಡ್ಲಿನಲ್ಲಿ ಅದರ ಕಬ್ಬಿಣದ ಹಲಗೆ ದಡಕ್ಕೆ ಬಂದು ಕೂರುತ್ತಿತ್ತು, ವೀಲ್‌ಚೇರ್ ಅದರ ಮೇಲೆ ಸಲೀಸಾಗಿ ಉರುಳಿ ಹೋಯಿತು. ಅಂಗವಿಕಲರಿಗೆಂದು ಯಾರೂ ಅದನ್ನು ಮಾಡಿರಲಿಲ್ಲ. 2025ರ ಜುಲೈನಲ್ಲಿ ಸೇತುವೆ ಆಯಿತು, ಮುಳುಗಡೆಯಾದಾಗಿನಿಂದ ದ್ವೀಪದಂತಿದ್ದ ಊರಿನವರಿಗೆ ಬಹಳ ಒಳ್ಳೆಯದಾಯಿತು, ಆಂಬುಲೆನ್ಸು ಈಗ ಕಾಯಬೇಕಿಲ್ಲ. ಪ್ರವಾಸೋದ್ಯಮ ಇಲಾಖೆಯವರು ಹಿನ್ನೀರಿನಲ್ಲಿ ಹೊಸ ದೋಣಿ ಬಿಡುವ ಯೋಚನೆ ಮಾಡುವಾಗ ಆ ಹಲಗೆಯನ್ನು ನೆನೆದುಕೊಂಡರೆ ಸಾಕು.

ಕಾನೂನು ಇಲ್ಲವೆಂದಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದ್ದು. ಸಾರ್ವಜನಿಕ ಕಟ್ಟಡ ಎಂದರೆ ಸರ್ಕಾರದ್ದು ಮಾತ್ರವಲ್ಲ, ಜನರು ಬಳಸುವ ಖಾಸಗಿ ಕಟ್ಟಡವೂ ಹೌದೆಂದು ಅದರಲ್ಲೇ ಬರೆದಿದೆ. ನಿಯಮಗಳು 2017ರ ಜೂನ್‌ನಲ್ಲಿ ಬಂದವು, ಹಳೆಯ ಕಟ್ಟಡ ಸರಿಪಡಿಸಲು ಐದು ವರ್ಷ ಕೊಟ್ಟರು, ಅದು 2022ಕ್ಕೇ ಮುಗಿಯಿತು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನಿಯಮಗಳಲ್ಲಿರುವ ಮಾನದಂಡ ಬರೀ ಸಲಹೆಯ ಹಾಗಿದೆ, ಕಡ್ಡಾಯದ ನಿಯಮ ಮಾಡಿ ಎಂದು ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಇಳಿಜಾರು 12ಕ್ಕೆ 1ಕ್ಕಿಂತ ಕಡಿದಾಗಬಾರದು, ಬಾಗಿಲು 900 ಮಿಲಿಮೀಟರ್ ಎಂಬುದೆಲ್ಲ ಕೇಂದ್ರದ ಮಾರ್ಗಸೂಚಿಯಲ್ಲಿದೆ. ನಮ್ಮೂರ ಮೇಸ್ತ್ರಿಗೆ ಹೇಳಿದರೆ ಅರ್ಥವಾಗುವ ಲೆಕ್ಕ: ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಹೋಟೆಲುಗಳ ಮುಂದೆ ಕಾಣುವ ರ‍್ಯಾಂಪುಗಳು ಬೈಕ್ ಹತ್ತಿಸಲು ಮಾಡಿದ್ದು, ವೀಲ್‌ಚೇರ್ ಹಿಂದಕ್ಕೆ ಮಗುಚುತ್ತದೆ.

ಮಲೆನಾಡಿನ ಹೋಮ್‌ಸ್ಟೇಗಳೆಲ್ಲ ನಾಳೆಯೇ ಲಿಫ್ಟು ಹಾಕಿಸಲಿ ಎಂದು ನಾನು ಕೇಳುವುದಿಲ್ಲ. ಗುಡ್ಡದ ಇಳಿಜಾರಿನಲ್ಲಿ ಅಜ್ಜ ಕಟ್ಟಿದ ಮನೆಗೆ ಮೆಟ್ಟಿಲು ಇದ್ದೇ ಇರುತ್ತದೆ. ಜೋಗದಲ್ಲಿ ಗುಂಡಿಯವರೆಗೆ ಇಳಿಯಬೇಕೆಂಬ ಆಸೆ ಇವರಿಗೂ ಇಲ್ಲ. "ವೀಲ್‌ಚೇರಿನವರು ಎಷ್ಟು ಜನ ಬರ್ತಾರೆ ಮೇಡಂ" ಎಂದು ಮಾಲೀಕರೊಬ್ಬರು ಕೇಳಿದರು. ಬಾಗಿಲು ಹಿಡಿಯದ ಕಡೆಗೆ ಯಾರು ಬರುತ್ತಾರೆ? ವೀಲ್‌ಚೇರಿನವರು ಒಬ್ಬರೇ ಬರುವುದೂ ಇಲ್ಲ, ನಮ್ಮನ್ನೇ ಲೆಕ್ಕ ಹಾಕಿ, ಒಂದು ಕುರ್ಚಿಯ ಹಿಂದೆ ಐದು ಜನ, ಎರಡು ರೂಮು, ಆರು ಊಟ. ಮಂಡಿಚಿಪ್ಪು ಸವೆದ ಅಜ್ಜಿಯರು, ಮಗುವಿನ ಗಾಡಿ ತಳ್ಳುವವರು ಬೇರೆ.

ಸಂಪಾದಕರೇ, ನನ್ನ ಬೇಡಿಕೆ ನಿಮ್ಮಲ್ಲಿ. ಪ್ರವಾಸ ಪುಟದ ಪ್ರತಿ ಬರಹದ ಕೆಳಗೆ, ಹೋಗುವ ದಾರಿ ಮತ್ತು ಊಟ-ವಸತಿ ಎಂದು ಚೌಕದಲ್ಲಿ ಹಾಕುತ್ತೀರಲ್ಲ, ಅಲ್ಲಿ ಇನ್ನೆರಡು ಸಾಲು ಸೇರಿಸಿ. ವಾಹನ ನಿಲ್ಲುವಲ್ಲಿಂದ ರೂಮಿನವರೆಗೆ ಎಷ್ಟು ಮೆಟ್ಟಿಲು, ಬಚ್ಚಲ ಬಾಗಿಲು ತೆರೆದಾಗ ಎಷ್ಟು ಸೆಂಟಿಮೀಟರ್, ಮಂಚ ಎಷ್ಟು ಎತ್ತರ, ನೀರಿನ ಹತ್ತಿರದವರೆಗೆ ನೆಲ ಎಂಥದ್ದು. ಸೊನ್ನೆ ಮೆಟ್ಟಿಲು ಇರಲೇಬೇಕೆಂದಿಲ್ಲ, ನಲವತ್ತಿದ್ದರೆ ನಲವತ್ತು ಎಂದೇ ಹಾಕಿ. ವರದಿಗಾರರು ಹೇಗೂ ಅಲ್ಲಿಗೆ ಹೋಗಿರುತ್ತಾರೆ, ಅಳೆಯಲು ಎರಡು ನಿಮಿಷ. ಜಾಹೀರಾತು ಕೊಡುವ ರೆಸಾರ್ಟುಗಳನ್ನೂ ಇದೇ ಕೇಳಿ. ಪತ್ರಿಕೆಯಲ್ಲಿ ಕೇಳಲು ಶುರುವಾದರೆ ಫೋನಿನಲ್ಲಿ ಕೇಳಿದಾಗಲೂ ಉತ್ತರ ಸಿಕ್ಕೀತು.

ಓದುಗರಲ್ಲೂ ಒಂದು ಕೋರಿಕೆ. ಸೊಂಟದ ಕೆಳಗೆ ಸ್ವಾಧೀನ ಇಲ್ಲದವರನ್ನು ಕರೆದುಕೊಂಡು ಲೂಸರ್ನ್ ಸರೋವರದ ಹಡಗು ಹತ್ತಿದವರು ಯಾರಾದರೂ ಇದ್ದರೆ ಇದೇ ಅಂಕಣಕ್ಕೆ ಬರೆಯಿರಿ. ಕೆರೆಯ ನೀರು ಏರಿಳಿದ ಹಾಗೆ ದಡದಿಂದ ಹಡಗಿಗೆ ಹಾಕುವ ಹಲಗೆಯ ಏರೂ ಬದಲಾಗುತ್ತದಲ್ಲ, ಮೇ ಕೊನೆಯಲ್ಲಿ, ಹಿಮ ಕರಗಿ ನೀರು ತುಂಬಿದಾಗ ಅದು ಎಷ್ಟಿರುತ್ತದೆ? ಒಬ್ಬರೇ ಚಕ್ರ ತಳ್ಳಿಕೊಂಡು ಹತ್ತುವಷ್ಟಿದೆಯೇ, ಹಿಂದಿನಿಂದ ಒಂದು ಕೈ ಬೇಕೇ? ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಲು ಎರಡು ಗಂಟೆ ಸಾಕಾಯಿತೇ? ಮಗಳು ಟಿಕೆಟ್ಟು ಇನ್ನೂ ಹಿಡಿದಿಟ್ಟುಕೊಂಡಿದ್ದಾಳೆ, ತಿಂಗಳ ಕೊನೆಯವರೆಗೆ ಸಮಯ ಬದಲಿಸಬಹುದಂತೆ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ್ತಿ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ